ಗ್ರೀನ್‌ಬೆಲ್ಟ್: ಒಂದು ಸಹಕಾರಿ ಊರಿನ ಚರಿತ್ರೆ

ಲೋಕದಲ್ಲಿ ಊರುಗಳು ಹುಟ್ಟುವ ರೀತಿ ಸಾಮಾನ್ಯವಾಗಿ ಒಂದೇ. ಹೊಳೆಯ ನೀರಿನ ಅನುಕೂಲವೋ, ದಾರಿಗಳು ಕೂಡುವೆಡೆಯ ಸಂತೆಯೋ, ದೇವಾಲಯದ ಸನ್ನಿಧಿಯೋ, ಕೋಟೆಯ ಆಶ್ರಯವೋ ಜನರನ್ನು ಸೆಳೆಯುತ್ತದೆ. ಮೊದಲು ನಾಲ್ಕು ಗುಡಿಸಲು, ಆಮೇಲೆ ಒಂದು ಕೇರಿ, ಬಳಿಕ ಪೇಟೆ, ಹೀಗೆ ತಲೆಮಾರುಗಳು ಸಂದಂತೆಲ್ಲ ಊರು ತಾನಾಗಿ ಬೆಳೆಯುತ್ತದೆ. ಇದಕ್ಕೆ ವಿಪರೀತವಾಗಿ, ಮೊದಲು ಕಾಗದದ ಮೇಲೆ ಹುಟ್ಟಿ, ಅನಂತರ ನೆಲದ ಮೇಲೆ ಎದ್ದು, ಕಡೆಗೆ ಜನರನ್ನು ಆರಿಸಿ ತಂದು ಒಕ್ಕಲಿರಿಸಿಕೊಂಡ ಊರುಗಳೂ ಕೆಲವುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ನಿನ ಹೊರವಲಯದಲ್ಲಿ, ಮೇರಿಲೆಂಡ್ ಸಂಸ್ಥಾನದ ಎಲ್ಲೆಯೊಳಗೆ ಇರುವ ಗ್ರೀನ್‌ಬೆಲ್ಟ್ ಅಂತಹುದೊಂದು. ವಿಸ್ತಾರದಲ್ಲಿಯಾಗಲಿ ಐಶ್ವರ್ಯದಲ್ಲಿಯಾಗಲಿ ಅದು ಹೆಸರಾದ ಊರಲ್ಲ. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 25 ಸಾವಿರವನ್ನೂ ಮುಟ್ಟಲಿಲ್ಲ. ಆದರೂ ಸರ್ಕಾರವು ಕಟ್ಟಿಸಿದ ಮನೆಗಳ ಗುಂಪೊಂದು ಯಾವ ಬಗೆಯಿಂದ ಊರಾಯಿತು, ಆ ಊರು ಯಾರನ್ನು ಒಳಕ್ಕೆ ಕರೆಯಿತು, ಯಾರನ್ನು ಬಾಗಿಲ ಹೊರಗೆ ನಿಲ್ಲಿಸಿತು ಎಂಬುದನ್ನು ತಿಳಿಯಬೇಕೆಂಬವರಿಗೆ ಗ್ರೀನ್‌ಬೆಲ್ಟಿನ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದುಬಿದ್ದ ಮೇಲೆ ಒದಗಿದ ಆರ್ಥಿಕ ಮುಗ್ಗಟ್ಟು ಅಮೆರಿಕದ ಜನಜೀವನವನ್ನು ಬುಡದಿಂದ ಅಲುಗಿಸಿತು. 1933ರ ವೇಳೆಗೆ ದುಡಿಯುವವರಲ್ಲಿ ಹೆಚ್ಚುಕಡಮೆ ನಾಲ್ವರಿಗೊಬ್ಬರು ಕೆಲಸವಿಲ್ಲದವರಾಗಿದ್ದರು. ಸಾವಿರಾರು ಬ್ಯಾಂಕುಗಳು ಬಾಗಿಲು ಮುಚ್ಚಿದುವು; ಸಾಲ ತೀರಿಸಲಾರದೆ ರೈತರು ಹೊಲಗಳನ್ನೂ ಪಟ್ಟಣಿಗರು ಮನೆಗಳನ್ನೂ ಕಳೆದುಕೊಂಡರು. ಆ ವರ್ಷ ಅಧ್ಯಕ್ಷ ಪದವಿಗೆ ಬಂದ ಫ್ರಾಂಕ್ಲಿನ್ ರೂಸ್‌ವೆಲ್ಟರು ‘ನ್ಯೂ ಡೀಲ್’ ಎಂಬ ಹೆಸರಿನಿಂದ ಹಲವು ಪರಿಹಾರ ಕಾರ್ಯಗಳನ್ನು ಕೈಕೊಂಡರು. ಅವರ ಸಲಹೆಗಾರರಲ್ಲಿ ರೆಕ್ಸ್‌ಫರ್ಡ್ ಟಗ್‌ವೆಲ್ ಎಂಬ ಅರ್ಥಶಾಸ್ತ್ರಜ್ಞರೊಬ್ಬರು. ನಗರದ ಹೊರಗೆ ಅಗ್ಗದ ನೆಲವನ್ನು ಕೊಂಡು ಅಲ್ಲಿ ಇಡಿಯ ಊರನ್ನೇ ಕಟ್ಟಬೇಕು, ಇಕ್ಕಟ್ಟಿನ ಕೇರಿಗಳ ಜನರನ್ನು ಅಲ್ಲಿಗೆ ಒಲಿಸಿ ಕರೆದೊಯ್ಯಬೇಕು, ಬಳಿಕ ನಗರದ ಕೊಳಕು ಕೇರಿಗಳನ್ನು ಕೆಡವಿ ಉದ್ಯಾನಗಳನ್ನು ಮಾಡಬೇಕು ಎಂಬುದು ಅವರ ಆಲೋಚನೆ. 1935ರಲ್ಲಿ ಅಧ್ಯಕ್ಷರು ಪುನರ್ವಸತಿ ಇಲಾಖೆಯೊಂದನ್ನು ಸ್ಥಾಪಿಸಿ ಟಗ್‌ವೆಲ್ಲರನ್ನೇ ಅದರ ಮುಖ್ಯಾಧಿಕಾರಿಗಳನ್ನಾಗಿ ನೇಮಿಸಿದರು. ಕೆಲಸವಿಲ್ಲದವರಿಗೆ ಕೆಲಸ, ಮನೆಯಿಲ್ಲದವರಿಗೆ ಮನೆ, ಮುಂದಿನ ಊರುಗಳಿಗೊಂದು ಮಾದರಿ, ಈ ಮೂರು ಉದ್ದೇಶಗಳೂ ಒಂದೇ ಕಾರ್ಯದಿಂದ ನೆರವೇರುವುವೆಂದು ಆ ಇಲಾಖೆಯವರು ನಂಬಿದ್ದರು.

ಮಾದರಿಯ ಮೂಲ ಇಂಗ್ಲೆಂಡಿನದು. ಲಂಡನ್ನಿನ ಎಬೆನೀಜರ್ ಹೊವರ್ಡ್ ಎಂಬುವರು 1898ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಉದ್ಯಾನನಗರ’ವೆಂಬ ಕಲ್ಪನೆಯನ್ನು ನಿರೂಪಿಸಿದ್ದರು. ಹಳ್ಳಿಯ ಗಾಳಿಬೆಳಕೂ ಪಟ್ಟಣದ ಉದ್ಯೋಗಸೌಕರ್ಯಗಳೂ ಒಂದೇ ಕಡೆ ದೊರೆಯಬೇಕು. ಊರು ಒಂದು ಮಿತಿಯನ್ನು ಮೀರಿ ಬೆಳೆಯದಂತೆ ಸುತ್ತಲೂ ಹೊಲ ಕಾಡುಗಳ ವಲಯವಿರಬೇಕು. ಊರಿನ ನೆಲವು ಒಬ್ಬೊಬ್ಬರ ಸ್ವತ್ತಾಗದೆ ಸಮುದಾಯದ ಸ್ವತ್ತಾಗಿ, ಬೆಲೆ ಏರಿದಾಗ ಬರುವ ಲಾಭ ಎಲ್ಲರಿಗೂ ಸಲ್ಲಬೇಕು ಎಂಬುದು ಹೊವರ್ಡರ ಸಿದ್ಧಾಂತದ ಸಾರ. ಈ ಹಸಿರು ವಲಯದಿಂದಲೇ ಗ್ರೀನ್‌ಬೆಲ್ಟಿಗೆ ಆ ಹೆಸರು ಬಂದಿತು. ಊರಿನ ನಡುವಿಗೆ ತೊಡಿಸಿದ ಹಸಿರು ಒಡ್ಯಾಣವೆಂದು ಅದನ್ನು ತಿಳಿಯಬಹುದು. ಅಮೆರಿಕದಲ್ಲಿ ಇದಕ್ಕೆ ಮುಂಚೆ, 1929ರಲ್ಲಿ, ನ್ಯೂಜರ್ಸಿ ಸಂಸ್ಥಾನದ ರ‍್ಯಾಡ್‌ಬರ್ನ್ ಎಂಬಲ್ಲಿ ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಎಂಬ ವಾಸ್ತುಶಿಲ್ಪಿಗಳು ಮೋಟಾರುಗಳ ದಾರಿಯನ್ನೂ ನಡೆಯುವವರ ದಾರಿಯನ್ನೂ ಬೇರೆಬೇರೆಯಾಗಿಟ್ಟು ಬಡಾವಣೆಯೊಂದನ್ನು ರಚಿಸಿದ್ದರು. ಮುಗ್ಗಟ್ಟಿನ ಹೊಡೆತಕ್ಕೆ ಅದು ಅರ್ಧಕ್ಕೇ ನಿಂತಿತು. ಖಾಸಗಿ ಬಂಡವಾಳದಿಂದ ಆಗದುದನ್ನು ಸರ್ಕಾರದ ಹಣದಿಂದ ಮಾಡಿನೋಡಬೇಕೆಂದು ಟಗ್‌ವೆಲ್ಲರು ಹೊರಟರು.

ಇಲಾಖೆಯು ನಾಲ್ಕು ಊರುಗಳನ್ನು ಕಟ್ಟಲು ಅಣಿಮಾಡಿತು. ಅವುಗಳಲ್ಲಿ ಮೂರು ಮಾತ್ರ ಎದ್ದುವು: ಮೇರಿಲೆಂಡಿನಲ್ಲಿ ಗ್ರೀನ್‌ಬೆಲ್ಟ್, ಒಹಾಯೋದ ಸಿನ್ಸಿನಾಟಿ ನಗರದ ಬಳಿ ಗ್ರೀನ್‌ಹಿಲ್ಸ್, ವಿಸ್ಕಾನ್ಸಿನ್ ಸಂಸ್ಥಾನದ ಮಿಲ್‌ವಾಕಿಯ ಬಳಿ ಗ್ರೀನ್‌ಡೇಲ್. ನ್ಯೂಜರ್ಸಿಯಲ್ಲಿ ಆಗಬೇಕಾಗಿದ್ದ ಗ್ರೀನ್‌ಬ್ರುಕ್ ಎಂಬ ನಾಲ್ಕನೆಯದನ್ನು ಆ ಪ್ರದೇಶದವರು ನ್ಯಾಯಸ್ಥಾನಕ್ಕೆ ಹೋಗಿ 1936ರಲ್ಲಿ ತಡೆಗಟ್ಟಿದರು. ಎದ್ದೇಳದ ಈ ಊರಿಗೂ ಭಾರತಕ್ಕೂ ಒಂದು ನಂಟುಂಟು. ಗ್ರೀನ್‌ಬ್ರುಕ್ಕಿನ ರಚನೆಯಲ್ಲಿ ಪಾಲುಗೊಂಡಿದ್ದ ಆಲ್ಬರ್ಟ್ ಮೇಯರ್ ಎಂಬ ವಾಸ್ತುಶಿಲ್ಪಿಗಳೇ ಮುಂದೆ ಜವಾಹರಲಾಲ್ ನೆಹರೂರವರ ಸ್ನೇಹವನ್ನು ಸಂಪಾದಿಸಿ, 1948ರಲ್ಲಿ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಗ್ರಾಮಾಭಿವೃದ್ಧಿಯ ಪ್ರಯೋಗವನ್ನು ನಡೆಸಿದರು. 1952ರಲ್ಲಿ ಭಾರತಾದ್ಯಂತ ಮೊದಲಾದ ಸಮುದಾಯಾಭಿವೃದ್ಧಿ ಕಾರ್ಯಕ್ರಮಕ್ಕೆ ಅದು ಮೇಲ್ಪಂಕ್ತಿಯಾಯಿತು. ಚಂಡೀಗಢದ ಮೊದಲ ನಕ್ಷೆಯನ್ನು ಬರೆದವರೂ ಅವರೇ.

ಗ್ರೀನ್‌ಬೆಲ್ಟಿಗೆಂದು ಗೊತ್ತುಮಾಡಿದ ನೆಲವು ವಾಷಿಂಗ್ಟನ್ನಿಗೆ ಈಶಾನ್ಯದಲ್ಲಿ ಹನ್ನೆರಡು ಹದಿಮೂರು ಮೈಲಿಗಳ ದೂರದಲ್ಲಿದೆ. ತಲೆಮಾರುಗಳಿಂದ ಹೊಗೆಸೊಪ್ಪನ್ನು ಬೆಳೆದು ಬೆಳೆದು ಸಾರಗುಂದಿದ ಭೂಮಿ ಅದು. ಮೂರು ಸಾವಿರ ಎಕರೆಗಳಿಗೂ ಮಿಕ್ಕ ಆ ನೆಲವನ್ನು ಸರ್ಕಾರವು ಕೊಂಡು 1935ರ ಅಕ್ಟೋಬರಿನಲ್ಲಿ ಕೆಲಸವನ್ನಾರಂಭಿಸಿತು. ರಾಜಧಾನಿಯ ಬೀದಿಗಳಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದವರನ್ನು ಕರೆತಂದು ಮೊದಲು ಮಾಡಿಸಿದ ಕೆಲಸವೆಂದರೆ ಕೆರೆ. 23 ಎಕರೆಗಳ ಆ ಕೆರೆಯನ್ನು ಬಹುಮಟ್ಟಿಗೆ ಗುದ್ದಲಿ ಸನಿಕೆಗಳಿಂದಲೇ ಅಗೆದರು. ಯಂತ್ರದಿಂದ ಬೇಗ ಮುಗಿಯಬಹುದಾದ ಕೆಲಸವನ್ನೂ ಕೈಯಿಂದ ಮಾಡಿಸಿದುದಕ್ಕೆ ಕಾರಣ ಸ್ಪಷ್ಟ: ಹೆಚ್ಚು ಜನಕ್ಕೆ ಹೆಚ್ಚು ದಿನ ಕೂಲಿ ಸಿಕ್ಕಬೇಕೆಂಬುದೇ ಉದ್ದೇಶ. ಇದರಿಂದ ಖರ್ಚು ಏರಿತು. ಏರಿದ ಖರ್ಚನ್ನು ತೋರಿಸಿ ವಿರೋಧಿಗಳು ಟಗ್‌ವೆಲ್ಲರನ್ನು ಹಳಿದರು. 1936ರ ನವೆಂಬರಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ತಾವೇ ಬಂದು ಕಾಮಗಾರಿಯನ್ನು ನೋಡಿದರು. ಅವರ ಪತ್ನಿಯವರಾದ ಎಲಿನರ್ ರೂಸ್‌ವೆಲ್ಟರಿಗೂ ಈ ಊರಿನ ವಿಷಯದಲ್ಲಿ ವಿಶೇಷವಾದ ಆದರವಿದ್ದಿತು.

ಊರಿನ ನಕ್ಷೆಯನ್ನು ಹೇಲ್ ವಾಕರ್ ಎಂಬುವರೂ ಕಟ್ಟಡಗಳ ವಿನ್ಯಾಸವನ್ನು ಡಗ್ಲಸ್ ಎಲಿಂಗ್ಟನ್ ಮತ್ತು ರೆಜಿನಾಲ್ಡ್ ವಾಡ್ಸ್‌ವರ್ತ್ ಎಂಬುವರೂ ರಚಿಸಿದರು. ನೆಲವು ಅಲ್ಲಿ ಅರ್ಧಚಂದ್ರಾಕಾರವಾಗಿ ಏರಿ ಬಾಗಿದೆ. ಆ ಬಾಗನ್ನೇ ಅನುಸರಿಸಿ ಎರಡು ದೊಡ್ಡ ದಾರಿಗಳನ್ನು ಹಾಕಿ, ನಡುವೆ ಮನೆಗಳ ಸಾಲುಗಳನ್ನು ಇರಿಸಿದರು. ಪ್ರತಿಯೊಂದು ಮನೆಗೂ ಎರಡು ಮುಖ. ಒಂದು ಮುಖ ದಾರಿಯ ಕಡೆಗೆ. ಮೋಟಾರು ನಿಲ್ಲಿಸುವುದು, ಸಾಮಾನು ಇಳಿಸುವುದು, ಬಟ್ಟೆ ಒಣಗಿಸುವುದು ಎಲ್ಲವೂ ಈ ಕಡೆ. ಇನ್ನೊಂದು ಮುಖ ಒಳಗಣ ತೋಟದ ಕಡೆಗೆ. ಅಲ್ಲಿ ಹುಲ್ಲುಹಾಸು, ಮರಗಳು, ಕಾಲುದಾರಿ, ಮಕ್ಕಳಾಡುವ ಬಯಲು. ಕಾಲುದಾರಿಗಳು ದೊಡ್ಡ ದಾರಿಯನ್ನು ಹಾಯಬೇಕಾದೆಡೆಯಲ್ಲಿ ನೆಲದಡಿಯ ಹಾದಿಗಳನ್ನು ಮಾಡಿದ್ದರು. ಆದುದರಿಂದ ಆರು ವರ್ಷದ ಮಗುವೊಂದು ಮೋಟಾರುಗಳಿಗೆ ಅಂಜದೆ ಮನೆಯಿಂದ ಶಾಲೆಗೆ, ಶಾಲೆಯಿಂದ ಅಂಗಡಿಬೀದಿಗೆ ಒಂಟಿಯಾಗಿಯೇ ನಡೆದುಹೋಗಬಹುದಾಗಿದ್ದಿತು. ಊರಿನ ನಡುವೆ ಅಂಗಡಿಗಳು, ಚಲಚ್ಚಿತ್ರ ಮಂದಿರ, ಶಾಲೆ. ಶಾಲೆಯು ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಅದರ ಹೊರಗೋಡೆಯ ಮೇಲೆ ಲೆನೋರ್ ಥಾಮಸ್ ಎಂಬ ಶಿಲ್ಪಿ ಅಮೆರಿಕದ ಸಂವಿಧಾನದ ಪೀಠಿಕೆಯ ಮಾತುಗಳಿಗೆ ರೂಪಕೊಟ್ಟು ಉಬ್ಬುಶಿಲ್ಪಗಳನ್ನು ಕಡೆದರು. ನ್ಯಾಯ, ಶಾಂತಿ, ಲೋಕಕ್ಷೇಮಗಳೆಂಬ ತತ್ತ್ವಗಳನ್ನು ದೇವತೆಗಳ ರೂಪದಲ್ಲಿ ಚಿತ್ರಿಸದೆ, ದುಡಿಯುವ ಸಾಮಾನ್ಯ ಸ್ತ್ರೀಪುರುಷರ ರೂಪದಲ್ಲಿ ಅವರು ತೋರಿಸಿದುದು ಗಮನಾರ್ಹವಾಗಿದೆ.

ಮೊದಲ ಘಟ್ಟದಲ್ಲಿ ಸಿದ್ಧವಾದುವು 885 ಮನೆಗಳು: ಸಾಲುಮನೆಗಳು 574, ಮಹಡಿ ಕಟ್ಟಡಗಳ ಬಿಡಾರಗಳು 306, ಬಿಡಿಮನೆಗಳು 5. ಅವುಗಳಿಗಾಗಿ ಅರ್ಜಿ ಹಾಕಿದವರು ಐದು ಸಾವಿರಕ್ಕೂ ಹೆಚ್ಚು ಕುಟುಂಬದವರು. ಅಧಿಕಾರಿಗಳು ಅವರನ್ನು ಸೋಸಿ ಆರಿಸಿದರು. ವರ್ಷದ ವರಮಾನ ಗೊತ್ತುಮಾಡಿದ ಎಲ್ಲೆಗಳ ಒಳಗಿರಬೇಕು. ತೀರ ಬಡವರಿಗೂ ಅವಕಾಶವಿಲ್ಲ, ಉಳ್ಳವರಿಗೂ ಇಲ್ಲ. ಪ್ರಾಟೆಸ್ಟೆಂಟರು, ಕ್ಯಾಥೊಲಿಕ್ಕರು, ಯೆಹೂದ್ಯರು ರಾಜಧಾನಿಯಲ್ಲಿ ಯಾವ ಪ್ರಮಾಣದಲ್ಲಿದ್ದರೋ ಅದೇ ಪ್ರಮಾಣದಲ್ಲಿ ಇಲ್ಲಿಯೂ ಇರಬೇಕು. ಗಂಡನು ಉದ್ಯೋಗದಲ್ಲಿದ್ದರೆ ಹೆಂಡತಿಯು ಹೊರಗೆ ದುಡಿಯತಕ್ಕುದಲ್ಲ. ಮುಖ್ಯವಾಗಿ ಅವರು ಸಮುದಾಯದ ಕಾರ್ಯಗಳಲ್ಲಿ ಉತ್ಸಾಹವುಳ್ಳವರಾಗಿರಬೇಕು.

ಈ ಪಟ್ಟಿಯಲ್ಲಿ ಬರೆಯದೆಯೂ ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ನಡೆದ ನಿಯಮವೊಂದುಂಟು: ಒಕ್ಕಲಾಗುವವರು ಬಿಳಿಯರೇ ಆಗಿರಬೇಕು. ಆಫ್ರಿಕನ್ ವಂಶದ ಅಮೆರಿಕನರು ಈ ಊರನ್ನು ಕಟ್ಟಿದವರಲ್ಲಿದ್ದರು. ಕೂಲಿಯ ತಂಡಗಳಲ್ಲಿ ಅವರನ್ನು ಬೇರೆಯಾಗಿ ನಿಲ್ಲಿಸಿ ದುಡಿಸಿಕೊಂಡರು. ಆದರೆ ತಾವು ಎತ್ತಿದ ಗೋಡೆಗಳ ಒಳಗೆ ಒಂದು ರಾತ್ರಿಯಾದರೂ ಒಕ್ಕಲಾಗಿ ಮಲಗುವ ಹಕ್ಕು ಅವರಿಗಿರಲಿಲ್ಲ. ಸಮೀಪದ ರಾಸ್‌ವಿಲ್ ಎಂಬ ಕಡೆ ಅವರಿಗಾಗಿ ಬೇರೊಂದು ವಸತಿಯನ್ನು ಮಾಡುವ ಆಲೋಚನೆ ಮೊದಲಲ್ಲಿದ್ದು, ವಿರೋಧದ ಮಾತು ಕೇಳಿಬಂದೊಡನೆ ಅದನ್ನು ಕೈಬಿಟ್ಟರು. ಸಂವಿಧಾನದ ಪೀಠಿಕೆಯನ್ನು ಶಾಲೆಯ ಗೋಡೆಯ ಮೇಲೆ ಕಡೆಯಿಸಿದ ಸರ್ಕಾರವೇ ಅದರ ಅರ್ಥಕ್ಕೆ ಹೀಗೆ ಎಲ್ಲೆಕಟ್ಟಿತು. ಗ್ರೀನ್‌ಬೆಲ್ಟಿನ ಮುಂದಿನ ಸಾಧನೆಗಳನ್ನು ಎಷ್ಟು ಹೊಗಳಿದರೂ ಈ ಆರಂಭದ ಕಲೆಯನ್ನು ಮರೆಮಾಡಲಾಗುವುದಿಲ್ಲ.

1937ರ ಸೆಪ್ಟೆಂಬರಿನ ಕೊನೆಯ ದಿನ ಮೊದಲ ಕುಟುಂಬಗಳು ಬಂದು ಇಳಿದುವು. ಅದಕ್ಕೆ ಮೊದಲೇ, ಜೂನ್ ತಿಂಗಳಿನಲ್ಲಿ, ಮೇರಿಲೆಂಡ್ ಸಂಸ್ಥಾನವು ಊರಿಗೆ ಪೌರಾಡಳಿತದ ಸನ್ನದನ್ನು ಕೊಟ್ಟಿದ್ದಿತು. ಚುನಾಯಿತವಾದ ಪೌರಸಭೆಯು ವೃತ್ತಿಪರನಾದ ಆಡಳಿತಾಧಿಕಾರಿಯೊಬ್ಬನನ್ನು ನೇಮಿಸಿಕೊಳ್ಳುವ ಪದ್ಧತಿ ಆ ಸಂಸ್ಥಾನದಲ್ಲಿ ಮೊದಲು ಬಂದುದು ಇಲ್ಲಿಯೇ. ಬಂದವರಲ್ಲಿ ಬಹುಮಂದಿ ಎಳೆಯ ದಂಪತಿಗಳು, ಒಬ್ಬರಿಗೊಬ್ಬರು ಅಪರಿಚಿತರು. ಅಜ್ಜ ಅಜ್ಜಿಯರಿಲ್ಲದ ಊರು, ಹಳೆಯ ವೈರವಿಲ್ಲದ ಊರು, ಹಳೆಯ ನಂಟೂ ಇಲ್ಲದ ಊರು. ಅವರು ಮಾಡಿದ ಮೊದಲ ಕೆಲಸ ಸಭೆ ಸೇರಿದುದು. ತಾಯಿತಂದೆಗಳ ಸಂಘ, ನಾಟಕದ ಸಂಘ, ವಾದ್ಯಗೋಷ್ಠಿ, ಸಾಲಸಹಕಾರ ಸಂಘ, ಆಟದ ತಂಡಗಳು ಒಂದರ ಮೇಲೊಂದು ಹುಟ್ಟಿದುವು. 1938ರಲ್ಲಿ ವೈದ್ಯಸಹಾಯಕ್ಕೂ ಸಹಕಾರ ಸಂಘವೊಂದು ಏರ್ಪಟ್ಟಿತು. ಚರ್ಚುಗಳ ಕಟ್ಟಡವಿಲ್ಲದಿದ್ದ ಆ ದಿನಗಳಲ್ಲಿ ಶಾಲೆಯಲ್ಲಿಯೂ ಚಲಚ್ಚಿತ್ರ ಮಂದಿರದಲ್ಲಿಯೂ ಬೇರೆಬೇರೆ ಮತದವರು ಪ್ರಾರ್ಥನೆಗೆ ಕೂಡುತ್ತಿದ್ದರು. ಸಭೆಗಳ ಹುಚ್ಚು ಎಷ್ಟರಮಟ್ಟಿಗೆ ಹಿಡಿಯಿತೆಂದರೆ, ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಲಿಕ್ಕಾದರೂ ಬಿಡುವಾಗಲೆಂದು ಕ್ರಿಸ್‌ಮಸ್ ಕಾಲದಲ್ಲಿ ಯಾರೂ ಸಭೆ ಕರೆಯಕೂಡದೆಂದು ನಿರ್ಣಯಮಾಡಬೇಕಾಯಿತು.

ಆ ವರ್ಷದ ನವೆಂಬರ್ 24ರಂದೇ ಊರಿನ ವಾರಪತ್ರಿಕೆಯ ಮೊದಲ ಸಂಚಿಕೆ ಹೊರಬಂದಿತು. ಹೆಸರು ‘ಗ್ರೀನ್‌ಬೆಲ್ಟ್ ಕೋಆಪರೇಟರ್’. ಕಲ್ಲಚ್ಚಿನಂತಹ ಸಾಮಾನ್ಯ ಯಂತ್ರದಲ್ಲಿ ತೆಗೆದ ಹಾಳೆಗಳು. ಸಂಪಾದಕರಿಗಾಗಲಿ ಬರೆಯುವವರಿಗಾಗಲಿ ಸಂಬಳವಿಲ್ಲ. ಪೌರಸಭೆಯ ನಿರ್ಣಯ, ಅಂಗಡಿಯ ಲೆಕ್ಕ, ಕಳೆದುಹೋದ ಕೊಡೆ, ಹುಟ್ಟಿದ ಮಗು, ಎಲ್ಲಕ್ಕೂ ಅಲ್ಲಿ ಎಡೆಯಿದ್ದಿತು. ಪತ್ರಿಕೆಯನ್ನು ಪ್ರತಿಯೊಂದು ಮನೆಯ ಬಾಗಿಲಿಗೂ ಬಿಟ್ಟಿಯಾಗಿ ತಲಪಿಸುತ್ತಿದ್ದರು. 1954ರಲ್ಲಿ ಅದರ ಹೆಸರು ‘ಗ್ರೀನ್‌ಬೆಲ್ಟ್ ನ್ಯೂಸ್ ರಿವ್ಯೂ’ ಎಂದು ಬದಲಾಯಿತಾದರೂ ಪದ್ಧತಿ ಬದಲಾಗಲಿಲ್ಲ.

ಅಂಗಡಿಗಳ ಕಥೆಯೂ ಸ್ವಾರಸ್ಯವಾದುದು. ಒಳಬಂದ ಜನರಲ್ಲಿ ಬಂಡವಾಳವಿಲ್ಲ. ಹೊರಗಿನ ವರ್ತಕರಿಗೆ ಬಿಟ್ಟರೆ ಲಾಭವು ಊರಿನಲ್ಲಿ ನಿಲ್ಲುವುದಿಲ್ಲ. ಬೋಸ್ಟನ್ನಿನ ಪ್ರಸಿದ್ಧ ವರ್ತಕರಾಗಿದ್ದು ಸಹಕಾರ ತತ್ತ್ವದಲ್ಲಿ ನಂಬಿಕೆಯಿಟ್ಟಿದ್ದ ಎಡ್ವರ್ಡ್ ಫೈಲೀನರು ಸ್ಥಾಪಿಸಿದ ಸಂಸ್ಥೆಯೊಂದು ಸಾಲಕೊಟ್ಟು ಅಂಗಡಿಗಳನ್ನು ನಡೆಯಿಸಿತು. ದಿನಸಿ, ಔಷಧ, ಪೆಟ್ರೋಲು, ಕ್ಷೌರ, ಚಲಚ್ಚಿತ್ರ ಮೊದಲಾದ ಎಲ್ಲ ವ್ಯಾಪಾರಗಳನ್ನೂ ಜನರೇ ಪಾಲು ಕೊಂಡು 1940ರಲ್ಲಿ ತಮ್ಮ ಸಹಕಾರ ಸಂಘದ ಕೈಗೆ ತೆಗೆದುಕೊಂಡರು. ಎಷ್ಟು ಪಾಲುಗಳಿದ್ದರೂ ಒಬ್ಬನಿಗೆ ಒಂದೇ ಮತ. ಹಾಲಿನ ಬೆಲೆಯನ್ನು ಕುರಿತು ಗೃಹಿಣಿಯರು ಆಡಳಿತ ಮಂಡಲಿಯನ್ನು ಪ್ರಶ್ನಿಸಬಹುದಾಗಿದ್ದಿತು. ಕೊಳ್ಳುವವನೇ ಅಂಗಡಿಯ ಒಡೆಯನೂ ಆಗಿರುವ ಈ ಏರ್ಪಾಡು ಪೌರಜೀವನಕ್ಕೆ ಒಂದು ದಿನನಿತ್ಯದ ಶಾಲೆಯಾಯಿತು.

ಎಲ್ಲವೂ ಸುಖವೇ ಆಗಿದ್ದಿತೆಂದು ಭಾವಿಸತಕ್ಕುದಲ್ಲ. ಮನೆ ಸರ್ಕಾರದ್ದು, ಆದುದರಿಂದ ನಿಯಮವೂ ಸರ್ಕಾರದ್ದೇ. ನಾಯಿ ಸಾಕಕೂಡದು, ಒಣಹಾಕಿದ ಬಟ್ಟೆಯನ್ನು ಸಂಜೆ ನಾಲ್ಕು ಗಂಟೆಗೆ ಮುಂಚೆ ತೆಗೆಯಬೇಕು. ವರಮಾನವು ಗೊತ್ತಾದ ಮಿತಿಯನ್ನು ದಾಟಿದರೆ ಮನೆಯನ್ನೇ ಬಿಡಬೇಕು. ಹೀಗೆ ಊರಿನ ಕೆಲಸದಲ್ಲಿ ನುರಿತವರೇ ಎಷ್ಟೋ ವೇಳೆ ಊರನ್ನು ತೊರೆಯಬೇಕಾಗುತ್ತಿದ್ದಿತು. ಹೊರಗಿನ ವಿರೋಧಿಗಳು ಇದನ್ನು ರಷ್ಯದ ಅನುಕರಣವೆಂದು ನಿಂದಿಸಿದರು. ಟಗ್‌ವೆಲ್ಲರು 1936ರ ಕೊನೆಗೆ ಅಧಿಕಾರವನ್ನು ಬಿಟ್ಟರು. ಅವರ ಇಲಾಖೆಯೂ ಬೇರೊಂದರಲ್ಲಿ ಸೇರಿಹೋಯಿತು. ಇತ್ತ 1939ರಲ್ಲಿ ನ್ಯೂಯಾರ್ಕಿನ ಜಾಗತಿಕ ಪ್ರದರ್ಶನದಲ್ಲಿ ತೋರಿಸಿದ ‘ದಿ ಸಿಟಿ’ ಎಂಬ ಚಲಚ್ಚಿತ್ರದಲ್ಲಿ ಗ್ರೀನ್‌ಬೆಲ್ಟಿನ ದೃಶ್ಯಗಳು ಭವಿಷ್ಯದ ಊರಿನ ಮಾದರಿಯಾಗಿ ಲಕ್ಷಾಂತರ ಜನರ ಕಣ್ಣಿಗೆ ಬಿದ್ದುವು. ಹೀಗೆ ಒಂದೇ ಊರನ್ನು ಒಬ್ಬರು ಸ್ವರ್ಗವೆಂದರು, ಇನ್ನೊಬ್ಬರು ಸಂಚೆಂದರು. ಅಲ್ಲಿ ವಾಸವಾಗಿದ್ದವರಿಗೆ ಅದು ಎರಡೂ ಆಗಿರಲಿಲ್ಲ. ತಿಂಗಳಿಗೊಮ್ಮೆ ಬಾಡಿಗೆ ಕೊಟ್ಟು ಬಾಳುವ ಮನೆಯಾಗಿದ್ದಿತು.

ಎರಡನೆಯ ಮಹಾಯುದ್ಧ ಬಂದಿತು. ರಾಜಧಾನಿಗೆ ಬಂದು ತುಂಬಿದ ನೌಕರರಿಗಾಗಿ 1941-42ರಲ್ಲಿ ಇನ್ನೂ ಒಂದು ಸಾವಿರ ಮನೆಗಳನ್ನು ಅವಸರದಿಂದ ಮರದಲ್ಲಿ ಕಟ್ಟಿಸಿದರು. ಊರಿನ ಜನ ಇಮ್ಮಡಿಯಾಯಿತು. ಯುದ್ಧ ಮುಗಿದ ಮೇಲೆ ಸರ್ಕಾರಕ್ಕೆ ಊರುಗಳ ಒಡೆತನ ಬೇಸರವಾಯಿತು; 1949ರಲ್ಲಿ ಮೂರು ಊರುಗಳನ್ನೂ ಮಾರಿಬಿಡಲು ಶಾಸನವಾಯಿತು. ಗ್ರೀನ್‌ಬೆಲ್ಟಿನ ಚರಿತ್ರೆಯಲ್ಲಿ ಇದಕ್ಕಿಂತ ಇಕ್ಕಟ್ಟಿನ ಸಮಯ ಬೇರಿಲ್ಲ. ಧನಿಕನೊಬ್ಬನು ಎಲ್ಲವನ್ನೂ ಕೊಂಡಿದ್ದರೆ ಬಾಡಿಗೆಯು ಅವನ ಇಷ್ಟಕ್ಕೆ ಸಿಕ್ಕುತ್ತಿದ್ದಿತು. ತೋಟದ ಬಯಲುಗಳಲ್ಲಿ ಮನೆಗಳೇಳುತ್ತಿದ್ದುವು. ನಿವಾಸಿಗಳು ಯುದ್ಧದಿಂದ ಮರಳಿದ ಯೋಧರನ್ನು ಮುಂದಿಟ್ಟುಕೊಂಡು ಸಹಕಾರಿ ಗೃಹ ಸಂಘವೊಂದನ್ನು ಕಟ್ಟಿ, ಕೈಯಿಂದ ಹತ್ತನೆಯ ಒಂದು ಪಾಲನ್ನು ಕೂಡಿಸಿ, 1952ರ ಡಿಸೆಂಬರಿನಲ್ಲಿ ಸಾಲುಮನೆಗಳನ್ನೂ ಮರದ ಮನೆಗಳನ್ನೂ, ಒಟ್ಟು ಸುಮಾರು 1,580 ಮನೆಗಳನ್ನು, 62 ಲಕ್ಷ ಡಾಲರುಗಳಿಗೂ ಹೆಚ್ಚಿನ ಬೆಲೆಗೆ ಕೊಂಡರು. ಈ ಸಂಘವೇ 1957ರಿಂದ ‘ಗ್ರೀನ್‌ಬೆಲ್ಟ್ ಹೋಮ್ಸ್’ ಎಂಬ ಹೆಸರಿನಿಂದ ನಡೆದುಬಂದಿದೆ. ಗ್ರೀನ್‌ಹಿಲ್ಸ್, ಗ್ರೀನ್‌ಡೇಲ್‌ಗಳಲ್ಲಿ ಮನೆಗಳು ಕ್ರಮೇಣ ಒಬ್ಬೊಬ್ಬರ ಸ್ವತ್ತಾದುವು. ಗ್ರೀನ್‌ಬೆಲ್ಟಿನಲ್ಲಿ ಸದಸ್ಯನು ಮನೆಯನ್ನು ಕೊಳ್ಳುವುದಿಲ್ಲ. ಸಂಘದ ಸದಸ್ಯತ್ವವನ್ನೂ ಒಂದು ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಳ್ಳುತ್ತಾನೆ. ಗೋಡೆ, ಛಾವಣಿ, ಮರ, ಕಾಲುದಾರಿ ಎಲ್ಲವೂ ಎಲ್ಲರವು. ರಿಪೇರಿ, ತೆರಿಗೆ, ವಿಮೆಗಳಿಗಾಗಿ ತಿಂಗಳಿಗಿಷ್ಟೆಂದು ಸಲ್ಲಿಸಬೇಕು. ಹೊವರ್ಡರ ಸಿದ್ಧಾಂತವನ್ನು ಸರ್ಕಾರ ಕೈಬಿಟ್ಟ ಕ್ಷಣದಲ್ಲಿ ಜನರು ಕೈಗೆತ್ತಿಕೊಂಡರೆಂದು ಹೇಳಬಹುದು.

ಹಣದ ಪರೀಕ್ಷೆಯಾದ ಮೇಲೆ ನಂಬಿಕೆಯ ಪರೀಕ್ಷೆ ಬಂದಿತು. ಕಮ್ಯೂನಿಸ್ಟರ ಭಯವು ಅಮೆರಿಕವನ್ನು ಆವರಿಸಿದ್ದ ಕಾಲವದು. ನೌಕಾ ಇಲಾಖೆಯಲ್ಲಿ ಬಹುವರ್ಷಗಳಿಂದ ಕೆಲಸಮಾಡುತ್ತಿದ್ದ ಏಬ್ರಹಾಂ ಚಾಸನೋ ಎಂಬ ಗ್ರೀನ್‌ಬೆಲ್ಟಿನ ನಿವಾಸಿಯನ್ನು 1953ರ ಜುಲೈಯಲ್ಲಿ ದೇಶದ ಭದ್ರತೆಗೆ ಅಪಾಯಕರರೆಂದು ಕೆಲಸದಿಂದ ನಿಲ್ಲಿಸಿದರು. ಆಪಾದನೆ ಮಾಡಿದವರ ಹೆಸರನ್ನೇ ಅವರಿಗೆ ತಿಳಿಸಲಿಲ್ಲ. ನೆರೆಯವನು ನೆರೆಯವನನ್ನು ಕಂಡು ಬೆದರಬಹುದಾದ ಆ ಹೊತ್ತಿನಲ್ಲಿ ಊರಿನ ಎಷ್ಟೋ ಮಂದಿ ತಮ್ಮ ಸರ್ಕಾರಿ ನೌಕರಿಗಳ ಮೇಲಿನ ಆಸೆಯನ್ನು ಲೆಕ್ಕಿಸದೆ ಅವರ ಪರವಾಗಿ ಪ್ರಮಾಣಪೂರ್ವಕ ಸಾಕ್ಷ್ಯ ಬರೆದುಕೊಟ್ಟರು. ವಾಷಿಂಗ್ಟನ್ನಿನ ಪತ್ರಕರ್ತ ಆಂಟನಿ ಲೂಯಿಸರು ಈ ಅನ್ಯಾಯವನ್ನು ಬಯಲಿಗೆ ತಂದರು. ಅದಕ್ಕಾಗಿ ಅವರಿಗೆ 1955ರಲ್ಲಿ ಪುಲಿಟ್ಜರ್ ಪಾರಿತೋಷಕ ದೊರೆಯಿತು. 1954ರಲ್ಲಿ ನೌಕಾ ಇಲಾಖೆಯು ಕ್ಷಮೆ ಬೇಡಿ ಚಾಸನೋರವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿತು.

ಮುಂದೆ ಹೊಸ ಹೆದ್ದಾರಿಗಳು ಊರನ್ನು ಸೀಳಿದುವು. ಬಾಲ್ಟಿಮೋರ್ ವಾಷಿಂಗ್ಟನ್ ಹೆದ್ದಾರಿ 1954ರಲ್ಲಿಯೂ ರಾಜಧಾನಿಯ ಸುತ್ತಣ ವರ್ತುಲ ಮಾರ್ಗ 1964ರಲ್ಲಿಯೂ ಮುಗಿದುವು. 1959ರಲ್ಲಿ ಗಾಡರ್ಡ್ ಎಂಬ ಬಾಹ್ಯಾಕಾಶ ಸಂಶೋಧನ ಕೇಂದ್ರವು ಊರಿನ ನೆರೆಯಲ್ಲಿಯೇ ಸ್ಥಾಪಿತವಾಯಿತು. ಹಸಿರು ಒಡ್ಯಾಣದ ಒಂದು ಭಾಗ 1950ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಸೇರಿ ಉಳಿಯಿತು. ಸುಮಾರು 1,100 ಎಕರೆಗಳ ಆ ಕಾಡು ಗ್ರೀನ್‌ಬೆಲ್ಟ್ ಉದ್ಯಾನವೆಂದು ಪ್ರಸಿದ್ಧವಾಗಿದೆ. ಮಿಕ್ಕ ಬಯಲು ನೆಲದ ಬಹುಭಾಗವನ್ನು ಗೃಹ ಸಂಘವೇ ಮಾರಬೇಕಾಗಿ ಬಂದು, ಅಲ್ಲಿ ಬಹುಮಹಡಿಯ ವಸತಿಗಳು ಎದ್ದುವು. ಊರಿನ ಬೆಳವಣಿಗೆಯನ್ನು ಕುರಿತ ವಾದವಿವಾದಗಳು ಅಂದಿನಿಂದ ಪೌರಸಭೆಯ ನಿತ್ಯದ ವಿಷಯವಾದುವು.

ಅಂತಹ ಒಂದು ವಿವಾದವು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಏರಿತು. 1965ರಲ್ಲಿ ಚಾರ್ಲ್ಸ್ ಬ್ರೆಸ್ಲರ್ ಎಂಬ ಗೃಹನಿರ್ಮಾಣದ ಉದ್ಯಮಿಯು ಹೆಚ್ಚು ಮನೆಗಳನ್ನು ಕಟ್ಟಲು ಅನುಮತಿ ಬೇಡಿದ್ದರು. ಅದೇ ವೇಳೆಗೆ ಶಾಲೆಗಾಗಿ ಅವರ ನೆಲವೊಂದು ಪೌರಸಭೆಗೆ ಬೇಕಾಗಿದ್ದಿತು. ಒಂದನ್ನು ಕೊಟ್ಟು ಒಂದನ್ನು ಪಡೆಯುವ ಈ ಮಾತುಕತೆಯನ್ನು ಬಹಿರಂಗ ಸಭೆಯಲ್ಲಿ ಕೆಲವರು ‘ಬ್ಲ್ಯಾಕ್‌ಮೇಲ್’ ಎಂದು ಕೂಗಿದರು. ಊರಿನ ಪತ್ರಿಕೆ ಸಭೆಯ ವರದಿಯಲ್ಲಿ ಆ ಮಾತನ್ನೂ ಅಚ್ಚುಹಾಕಿತು. ಬ್ರೆಸ್ಲರರು ಮಾನನಷ್ಟದ ದಾವೆ ಹೂಡಿ ಕೆಳಗಿನ ನ್ಯಾಯಾಲಯದಲ್ಲಿ 17,500 ಡಾಲರುಗಳ ತೀರ್ಪನ್ನು ಪಡೆದರು; ಮೇರಿಲೆಂಡಿನ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸಂಬಳವಿಲ್ಲದೆ ಬರೆಯುವವರ ಬಿಟ್ಟಿ ಪತ್ರಿಕೆಗೆ ಅದು ಮರಣಶಾಸನದಂತಿದ್ದಿತು. ಊರಿನವರು ಚಂದಾ ಎತ್ತಿ ಖಟ್ಲೆಯನ್ನು ಮುಂದುವರಿಸಿದರು. 1970ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪತ್ರಿಕೆಯ ಪರವಾಗಿ ತೀರ್ಪಿತ್ತಿತು. ಸಭೆಯಲ್ಲಿ ಆಡಿದ ಆ ಮಾತು ಅಪರಾಧದ ಆರೋಪವಲ್ಲ, ಬಿಸಿಯಾದ ಚರ್ಚೆಯಲ್ಲಿ ಬರುವ ಅತಿಶಯೋಕ್ತಿಯೆಂಬುದು ಎಂತಹ ಅಜಾಗರೂಕ ವಾಚಕನಿಗೂ ತಿಳಿಯುವಂತಿದೆಯೆಂಬುದು ತೀರ್ಪಿನ ತಿರುಳು. ಊರಿನ ಜನ ಸಭೆಯಲ್ಲಿ ಆಡಿದುದನ್ನು ಆಡಿದಂತೆಯೇ ಬರೆಯುವ ಹಕ್ಕು ಅಮೆರಿಕದ ಎಲ್ಲ ಪತ್ರಿಕೆಗಳಿಗೂ ಇದರಿಂದ ಬಲಗೊಂಡಿತು.

ಸಹಕಾರ ಸಂಘಗಳಿಗೆ ಎಡರು ಹೊರಗಿನಿಂದಲೇ ಬರಬೇಕೆಂಬುದಿಲ್ಲ. ಗ್ರೀನ್‌ಬೆಲ್ಟಿನ ಅಂಗಡಿಗಳ ಸಂಘವು ಕ್ರಮೇಣ ವಾಷಿಂಗ್ಟನ್ನಿನ ಸುತ್ತುಮುತ್ತಲೂ ಶಾಖೆಗಳನ್ನು ತೆರೆದು ಪೀಠೋಪಕರಣಗಳ ವ್ಯಾಪಾರಕ್ಕೂ ಕೈಹಾಕಿತು. ಹರಡಿದಷ್ಟೂ ಸದಸ್ಯರಿಗೂ ಅಂಗಡಿಗೂ ಇದ್ದ ನಂಟು ಸಡಿಲಿತು. ನಷ್ಟ ಬಂದಾಗ ಹುಟ್ಟೂರಿನ ದಿನಸಿ ಅಂಗಡಿಯನ್ನೇ ಬಿಟ್ಟುಕೊಡಲು ಸಂಘವು ಸಿದ್ಧವಾಯಿತು. 1984ರಲ್ಲಿ ಊರಿನವರು ಮತ್ತೆ ಪಾಲು ಎತ್ತಿ, ಹೊಸದೊಂದು ಸಂಘವನ್ನು ಕಟ್ಟಿ, ತಮ್ಮ ಅಂಗಡಿಯನ್ನು ತಾವೇ ಕೊಂಡುಕೊಂಡರು. ದೊಡ್ಡದಾಗಿ ಬೆಳೆದ ಸಂಘವು ಅಳಿಯಿತು. ಒಂದೂರಿನ ಅಳತೆಯ ಸಂಘವು ಉಳಿಯಿತು. 1997ರಲ್ಲಿ ಸರ್ಕಾರವು ಹಳೆಯ ಗ್ರೀನ್‌ಬೆಲ್ಟನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿತು.

ಇನ್ನು ಉಳಿದಿರುವುದು ಬಾಗಿಲ ಹೊರಗೆ ನಿಂತವರ ವಿಷಯ. ವರ್ಣಭೇದವನ್ನು ಸರ್ಕಾರದ ನಿಯಮವು ತಂದಿದ್ದರೂ ನಿಯಮ ಹೋದೊಡನೆ ಅದು ಹೋಗಲಿಲ್ಲ. ಪೌರಹಕ್ಕುಗಳ ಹೋರಾಟದಿಂದಲೂ, ಮನೆ ಕೊಡುವುದರಲ್ಲಿ ಭೇದವೆಣಿಸಕೂಡದೆಂದ 1968ರ ಶಾಸನದಿಂದಲೂ ಬಾಗಿಲು ತೆರೆಯಿತು. ಹೊಸ ಬಡಾವಣೆಗಳಲ್ಲಿ ಆಫ್ರಿಕನ್ ವಂಶದವರು ಮೊದಲು ನೆಲೆಸಿದರು; 2010ರ ಜನಗಣತಿಯ ವೇಳೆಗೆ ಊರಿನ ಜನದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಅವರೇ ಆಗಿದ್ದರು. ಆದರೆ ಪೌರಸಭೆಯಲ್ಲಿ ಅವರಲ್ಲೊಬ್ಬರು ಕುಳಿತುದು 2009ರಷ್ಟು ತಡವಾಗಿ. ಅವರಲ್ಲೊಬ್ಬರು ಪೌರಾಧ್ಯಕ್ಷರಾದುದು ಅದಕ್ಕೂ ಅನಂತರ. 2021ರ ನವೆಂಬರಿನಲ್ಲಿ ಒಂದು ಪ್ರಶ್ನೆಯನ್ನು ಪೌರರ ಮತಕ್ಕೆ ಹಾಕಿದರು: ಆಫ್ರಿಕನ್ ವಂಶದವರಿಗೂ ಅಮೆರಿಕದ ಮೂಲನಿವಾಸಿಗಳಿಗೂ ಆದ ಅನ್ಯಾಯಕ್ಕೆ ಪರಿಹಾರ ಸಲ್ಲಿಸುವ ವಿಷಯವನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಬೇಕೆ? ಬೇಕೆಂದು ಬಹುಮತ ಬಂದಿತು. ಪರಿಹಾರವೆಂದರೆ ಏನು, ಎಷ್ಟು, ಯಾರಿಗೆ ಎಂಬ ಪ್ರಶ್ನೆಗಳು ಬಹು ತೊಡಕಿನವು. ಆದರೆ ಪ್ರಶ್ನೆಯನ್ನು ಊರೇ ತನ್ನ ಮುಂದಿಟ್ಟುಕೊಂಡುದು, ಹಳೆಯ ಲೆಕ್ಕವೊಂದು ಬಾಕಿಯುಂಟೆಂದು ಒಪ್ಪಿದಂತೆಯೇ ಸರಿ.

ಗ್ರೀನ್‌ಬೆಲ್ಟಿನ ಮನೆಗಳನ್ನು ಕಟ್ಟಲು ಎರಡು ವರ್ಷಗಳು ಸಾಕಾದುವು. ಅದಕ್ಕೆ ಬೇಕಾದುದು ನಕ್ಷೆ, ಹಣ, ಅಧಿಕಾರ. ಆ ಮನೆಗಳಿಂದ ಊರೊಂದು ಆಗಲು ಎಷ್ಟೋ ಸಾವಿರ ಸಭೆಗಳು ಬೇಕಾದುವು. ಸಂಬಳವಿಲ್ಲದೆ ಬರೆದ ಸಂಚಿಕೆಗಳು, ಕಷ್ಟಪಟ್ಟು ಕೂಡಿಸಿದ ಪಾಲುಗಳು, ಆಪಾದಿತನಾದ ನೆರೆಯವನಿಗಾಗಿ ಹೇಳಿದ ಸಾಕ್ಷ್ಯ ಬೇಕಾದುವು. ಅಧಿಕಾರಿಗಳು ಆರಿಸಿ ತಂದ 885 ಕುಟುಂಬಗಳ ಊರನ್ನು ಕಾಲವು ತಿದ್ದಿ, ಆರಿಸದೆ ಬಂದವರ ಊರನ್ನಾಗಿ ಮಾಡಿದೆ. ಮಕ್ಕಳು ನೆಲದಡಿಯ ಹಾದಿಗಳಲ್ಲಿ ಇಂದಿಗೂ ನಡೆದಾಡುತ್ತಾರೆ. ವಾರಕ್ಕೊಮ್ಮೆ ಪತ್ರಿಕೆ ಮನೆಮನೆಗೆ ಬರುತ್ತದೆ. ಉಬ್ಬುಶಿಲ್ಪಗಳಿರುವ ಹಳೆಯ ಶಾಲೆ ಸಮುದಾಯ ಭವನವಾಗಿ ಎಲ್ಲರಿಗೂ ತೆರೆದಿದೆ. ಅದರ ಗೋಡೆಯ ಮೇಲಣ ಪೀಠಿಕೆ ಯಾರನ್ನು ಕುರಿತದ್ದೆಂದು ಆ ಊರು ಎಂಬತ್ತು ವರ್ಷಗಳಿಗೂ ಮೇಲ್ಪಟ್ಟು ಓದುತ್ತ ಓದುತ್ತ ಕಲಿತುಕೊಳ್ಳುತ್ತಿದೆ.